ತಿದ್ದುಪಡಿ ರಾಯರು

ದಸರಾ ಮುಗಿದು ಆನೆಗಳು ಕಾಡಿಗೆ ಹೊರಟ ಮೇಲೆ ಮೈಸೂರಿನ ತಿದ್ದುಪಡಿ ರಾಯರ ಸುಗ್ಗಿ ಶುರುವಾಗುತ್ತದೆ. ಎರಡನೇ ತ್ರೈಮಾಸಿಕದ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಲೆಕ್ಕ ಸಲ್ಲಿಸಲು ಅಕ್ಟೋಬರ್ 31 ಕೊನೆಯ ದಿನ. ಹಬ್ಬದ ಗುಂಗಿನಲ್ಲಿದ್ದ ಶಾಲೆ, ನರ್ಸಿಂಗ್ ಹೋಮ್, ಊದುಬತ್ತಿ ಕಾರ್ಖಾನೆಗಳ ಮ್ಯಾನೇಜರುಗಳು ಆಗ ಗಡಬಡಿಸಿ ಏಳುತ್ತಾರೆ.

ರಾಯರಂಥವರು ಸರಸ್ವತಿಪುರಂನಲ್ಲೂ ಇದ್ದಾರೆ, ಕುವೆಂಪುನಗರದಲ್ಲೂ ಇದ್ದಾರೆ. ಯಾವುದೋ ಕಾರ್ಖಾನೆಯ ಅಕೌಂಟ್ಸ್ ವಿಭಾಗದಿಂದ ನಿವೃತ್ತರಾದವರು. ಮನೆಯ ಮುಂದಿನ ಕೋಣೆಯೇ ಆಫೀಸು. ‘ಮೊದಲು ಹಾಕಿಬಿಡಿ ಸಾರ್, ಆಮೇಲೆ ತಿದ್ದೋಣ’ ಎಂಬುದು ಅವರ ಮಂತ್ರ. ಅದಕ್ಕೆ ಕಾನೂನಿನ ಆಶೀರ್ವಾದವೂ ಉಂಟು. ಲೆಕ್ಕ ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಹೊತ್ತಿಗೆ ಸರಿಯಾಗಿ ಹಾಕಿದ್ದನ್ನು ಆಮೇಲೆ ತಿದ್ದಿದರೆ ಆ ಶುಲ್ಕವಿಲ್ಲ. ಹೀಗಾಗಿ 31ರ ರಾತ್ರಿ ಹೋಗುವ ಲೆಕ್ಕದಲ್ಲಿ ತಪ್ಪಿಲ್ಲದಿದ್ದರೇ ಆಶ್ಚರ್ಯ.

ಪ್ಯಾನ್ ನಂಬರನ್ನು ರಾಯರು ಫೋನಿನಲ್ಲಿ ಬರೆದುಕೊಳ್ಳುವುದನ್ನು ಕೇಳಬೇಕು. ‘ಎಂ ಫಾರ್ ಮೈಸೂರೋ, ಎನ್ ಫಾರ್ ನಂಜನಗೂಡೋ? ಪಿ ಅಂದ್ರೆ ಪಿರಿಯಾಪಟ್ಟಣ ತಾನೇ?’ ಜಿಲ್ಲೆಯ ತಾಲ್ಲೂಕುಗಳೆಲ್ಲ ಮುಗಿದರೂ ಒಂದಕ್ಷರ ತಪ್ಪಿಯೇ ತಪ್ಪುತ್ತದೆ. ಐದನೆಯ ಅಕ್ಷರದ್ದಂತೂ ದೊಡ್ಡ ರಗಳೆ. ಅದು ಮನೆತನದ ಹೆಸರಿನ ಮೊದಲಕ್ಷರ. ಇನಿಷಿಯಲ್‌ಗಳಲ್ಲೇ ಆಯುಷ್ಯ ಕಳೆಯುವ ನಮ್ಮವರಲ್ಲಿ ಅದು ಅಪ್ಪನದೋ ಊರಿನದೋ ಎಂಬುದು ಮನೆಯವರಿಗೂ ಅನುಮಾನ.

ಅಕ್ಷರ ತಪ್ಪಿತೋ, ಮೇಷ್ಟ್ರ ಸಂಬಳದಲ್ಲಿ ಹಿಡಿದ ತೆರಿಗೆ ಯಾರೋ ಅಪರಿಚಿತರ ತೆರಿಗೆ ಖಾತೆಯಲ್ಲಿ ಹೋಗಿ ಕೂರುತ್ತದೆ. ಆ ಪ್ಯಾನ್ ಯಾರದೂ ಅಲ್ಲದಿದ್ದರೆ ಶೇ 20ರ ಲೆಕ್ಕದಲ್ಲಿ ಬಾಕಿ ಕಟ್ಟಿ ಎಂದು ಶಾಲೆಗೆ ನೋಟಿಸು.

‘ಒಂದಕ್ಷರ ತಾನೇ ರಾಯರೇ, ಅಳಿಸಿ ಬರೆದುಬಿಡಿ’ ಎನ್ನುತ್ತಾರೆ ಮ್ಯಾನೇಜರು.

‘ಸ್ಲೇಟಾ ಸಾರ್ ಅದು? ಗಾಜಿಯಾಬಾದಿನ ಟಿಡಿಎಸ್ ಕೇಂದ್ರ ಒಪ್ಪಬೇಕು.’

ಮೊದಲು ಆ ಕೇಂದ್ರದ ಟ್ರೇಸಸ್ ತಾಣಕ್ಕೆ ಹೋಗಿ ಹಳೆಯ ಚಲನ್, ಟೋಕನ್ ನಂಬರುಗಳನ್ನು ಒಪ್ಪಿಸಿ ‘ಕಾನ್ಸೊ ಫೈಲ್’ ಬೇಡಬೇಕು. ಬಂದದ್ದನ್ನು ತಿದ್ದಿ, ಎಫ್‌ವಿಯು ಎಂಬ ತಂತ್ರಾಂಶದ ಪರೀಕ್ಷೆಯಲ್ಲಿ ಪಾಸು ಮಾಡಿಸಿ, ಮತ್ತೆ ಏರಿಸಬೇಕು. ಈ ದಾರಿಯಲ್ಲಿ ರಾಯರಿಗೆ ಅರ್ಧ ಮೈಸೂರಿನ ಸಂಬಳ ಗೊತ್ತಾಗಿದೆ. ಬಾಯಿ ಬಿಡುವುದಿಲ್ಲ, ಮದುವೆ ಮನೆಯಲ್ಲಿ ಯಾರಾದರೂ ಅಳಿಯನ ಸಂಬಳ ಕೊಚ್ಚಿಕೊಂಡರೆ ಪಾಯಸದ ಕಡೆ ನೋಡುತ್ತಾರೆ.

ಈಗ ಅವರಿಗೆ ಹೊಸ ಚಿಂತೆ. ಹಿಂದೆ ತಿದ್ದುಪಡಿಗೆ ಗಡುವೇ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆರು ವರ್ಷದ ಮಿತಿ ಬಂತು. 2025ರ ಆದಾಯ ತೆರಿಗೆ ಕಾಯ್ದೆ ಅದನ್ನು ಎರಡು ವರ್ಷಕ್ಕೆ ಇಳಿಸಿತು. ‘ನಮ್ಮೂರಲ್ಲಿ ತಪ್ಪು ಗೊತ್ತಾಗೋಕೇ ಮೂರು ವರ್ಷ ಬೇಕು’ ಎಂದು ಗೊಣಗುತ್ತ ರಾಯರು ಹಳೆಯ ಗಿರಾಕಿಗಳಿಗೆಲ್ಲ ತಾವೇ ಫೋನ್ ಹಚ್ಚುತ್ತಾರೆ. ಅತ್ತ ಕಡೆಯವರು ಎಲ್ಲವನ್ನೂ ಕೇಳಿಸಿಕೊಂಡು, ಫೀಸು ಹಳೇದೇ ತಾನೇ ಎನ್ನುತ್ತಾರೆ.