ಕೆಂಚಾರ್ಲಹಳ್ಳಿಯ ಕಾರುಮಾರ್ಜನ ಮೀಮಾಂಸೆ

ಸ್ಥಳನಾಮ ವಿಚಾರ

ಚಿಂತಾಮಣಿ ತಾಲೂಕಿನ ಕೆಂಚಾರ್ಲಹಳ್ಳಿಗೆ ಆ ಹೆಸರು ಹೇಗೆ ಬಂತೆಂದು ಇದುವರೆಗೆ ಯಾರೂ ಹೇಳಿಲ್ಲ. ಹೇಳಿದ್ದರೂ ನಾನು ಓದಿಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ. ಹೆಸರನ್ನು ಬಿಡಿಸಬೇಕಾದದ್ದು ಹೀಗೆ: ಕೆಂ, ಕಾರ್ಲ, ಹಳ್ಳಿ. ‘ಕೆಂ’ ಎಂದರೆ ಕೆಂಪು, ಕೆಂದಾವರೆಯಲ್ಲಿ ಇರುವುದೇ. ‘ಕಾರ್ಲು’ ಎಂಬುದು ಕಾರಿಗೆ ತೆಲುಗರು ಕೊಟ್ಟ ಬಹುವಚನ, ‘ಕಾರ್ಲ’ ಎಂದರೆ ಕಾರುಗಳ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಇಂಥ ಸಮಾಸ ಸಹಜವೇ. ಇನ್ನು ಕಕಾರ ಹೋಗಿ ಚಕಾರ ಬಂದದ್ದಕ್ಕೆ ಪ್ರಮಾಣ ಬೇಕೆ? ಕನ್ನಡದ ಕಿವಿ ತೆಲುಗಿಗೆ ಹೋಗಿ ಚೆವಿಯಾಯಿತು, ಕೆರೆ ಚೆರುವಾಯಿತು, ಕೈ ಚೇಯಿಯಾಯಿತು. ಹಾಗೆಯೇ ಕೆಂಕಾರ್ಲಹಳ್ಳಿ ಕೆಂಚಾರ್ಲಹಳ್ಳಿಯಾಯಿತು. ಈ ನಿಯಮ ಇ, ಎ ಸ್ವರಗಳ ಮುಂದೆ ಮಾತ್ರ ನಡೆಯುತ್ತದೆ, ಆಕಾರದ ಮುಂದೆ ನಡೆಯದು ಎಂದು ಭಾಷಾಶಾಸ್ತ್ರಿಗಳು ತಕರಾರು ತೆಗೆದಾರು. ಅವರು ನಮ್ಮ ರಸ್ತೆಯಲ್ಲಿ ಕಾರು ಓಡಿಸಿದವರಲ್ಲ.

ಆದ್ದರಿಂದ ಊರಿನ ಹೆಸರಿನ ಅರ್ಥ ‘ಕೆಂಪು ಕಾರುಗಳ ಹಳ್ಳಿ’. ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ನನ್ನ ಕಾರನ್ನು ನೋಡಬಹುದು. ಆರ್‌ಸಿ ಪುಸ್ತಕದಲ್ಲಿ ಅದರ ಬಣ್ಣ ಬಿಳಿ.

ಶಬ್ದ ವಿಚಾರ

ಕಾರು ಎಂಬುದು ಇಂಗ್ಲಿಷಿನಿಂದ ಬಂದ ಮಾತೆಂದು ನಂಬಿದವರು ಬಹಳ. ಹಾಗಾದರೆ ಮುಂಗಾರು ಎಲ್ಲಿಂದ ಬಂತು, ಹಿಂಗಾರು ಎಲ್ಲಿಂದ ಬಂತು? ಕಾರ್ ಎಂದರೆ ಮಳೆಗಾಲ, ಕಾರ್ ಎಂದರೆ ಕಪ್ಪು ಮೋಡ. ಅದರ ಮುಂಭಾಗ ಮುಂಗಾರು, ಅಲ್ಲಿ ಬಾನೆಟ್ ಇರುತ್ತದೆ. ಹಿಂಭಾಗ ಹಿಂಗಾರು, ಅಲ್ಲಿ ಡಿಕ್ಕಿ ಇರುತ್ತದೆ. ಕ್ರಿಯಾಪದವಾಗಿ ಹಿಡಿದರೆ ಕಾರು ಎಂದರೆ ಉಗುಳು, ಕಕ್ಕು. ಸೈಲೆನ್ಸರನ್ನು ಬಲ್ಲವರಿಗೆ ವಿವರಣೆ ಬೇಡ. ಹೀಗೆ ನಾಮಪದವೂ ಕ್ರಿಯಾಪದವೂ ಒಂದೇ ಯಂತ್ರದಲ್ಲಿ ನೆಲೆಸಿದ ಭಾಗ್ಯ ಇಂಗ್ಲಿಷರಿಗೆ ಇಲ್ಲ. ಕಾರಿಗೂ ಮಳೆಗೂ ಇರುವುದು ರಕ್ತಸಂಬಂಧ. ಓದುಗರು ಇದನ್ನು ನೆನಪಿನಲ್ಲಿಡಬೇಕು, ಇಡೀ ಪ್ರಬಂಧ ಈ ಒಂದು ಮೊಳೆಗೆ ನೇತುಹಾಕಿಕೊಂಡಿದೆ.

ಇನ್ನು ಮೇಣ. ಹಳಗನ್ನಡದಲ್ಲಿ ‘ಮೇಣ್’ ಎಂದರೆ ಮತ್ತು, ಅಲ್ಲದೆ. ಬಣ್ಣ ಇದೆ, ಅಲ್ಲದೆ ಅದರ ಮೇಲೆ ಇನ್ನೂ ಒಂದು ಇದೆ ಎಂಬ ಭಾವ. ತೆಲುಗಿನವರು ಮೈನಂ ಎನ್ನುತ್ತಾರೆ. ‘ಮೈ’ ಎಂದರೆ ಮೈ, ‘ನಂ’ ಎಂದರೆ ನಮ್ಮದು. ಕಾರಿನ ಮೈಯನ್ನು ತಮ್ಮದೇ ಮೈಯೆಂದು ಬಗೆಯುವ ಆ ಜನರ ಔದಾರ್ಯಕ್ಕೆ ನಮೋ.

ಕಾಲ ವಿಚಾರ

ಈ ಶಾಸ್ತ್ರದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಬೆಂಗಳೂರಿನ ಅಳಿಯಂದಿರು ದಸರಾ ರಜೆಗೆ ಬಂದಾಗ ಒಂದು ಡಬ್ಬಿ ತಂದುಕೊಟ್ಟದ್ದರಿಂದ. “ಮಾವ, ಚಳಿಗಾಲಕ್ಕೆ ಮುಂಚೆ ಗಾಡಿಗೆ ವ್ಯಾಕ್ಸ್ ಹಾಕಬೇಕು” ಎಂದರು. ಯಾಕೆ ಎಂದೆ. ಡಬ್ಬಿಯ ಮೇಲೆ ಹಾಗೆ ಬರೆದಿದೆ ಎಂದರು. ಶ್ರುತಿಪ್ರಾಮಾಣ್ಯ ಎಂದರೆ ಇದೇ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪಿನಿಂದ ಮಂಜುಗಡ್ಡೆ ಕರಗುತ್ತದೆ, ಕಾರಿನ ತಗಡಿಗೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಮೇಣದ ಕವಚ. ನಮ್ಮಲ್ಲಿ ಉಪ್ಪನ್ನು ರಸ್ತೆಗೆ ಚೆಲ್ಲುವ ಪದ್ಧತಿಯಿಲ್ಲ, ದೃಷ್ಟಿ ನೀವಾಳಿಸಿ ಒಲೆಗೆ ಹಾಕುತ್ತೇವೆ. ನಮ್ಮ ಚಳಿಗಾಲದ ಶತ್ರುಗಳೇ ಬೇರೆ: ಬೆಳಗಿನ ಇಬ್ಬನಿ, ಅದು ಆರುವ ಮೊದಲೇ ಬಂದು ಕೂರುವ ಕೆಂಪು ಧೂಳು, ಹೊಂಗೆಮರದ ಮೇಲಿನ ಕಾಗೆ.

ಆದರೆ ಚಳಿಗಾಲಕ್ಕೆ ಮುಂಚೆ ಕಾರು ತೊಳೆಯುವ ವಿಧಿ ನಮಗೆ ಡಬ್ಬಿಯಿಂದ ಬರಬೇಕಾಗಿರಲಿಲ್ಲ. ಅದರ ಹೆಸರು ಆಯುಧಪೂಜೆ. 2023ರಲ್ಲಿ ಅದು ಅಕ್ಟೋಬರ್ 23ಕ್ಕೆ ಬಿತ್ತು, ಚಿತ್ತೆ ಮಳೆಯಲ್ಲಿ. 2025ರಲ್ಲಿ ಅಕ್ಟೋಬರ್ 1ಕ್ಕೆ ಬಿತ್ತು, ಹಸ್ತ ಮಳೆಯಲ್ಲಿ. ಹಿರಿಯರು ಹಬ್ಬವನ್ನು ಹಿಂಗಾರಿನ ಹೊಸಿಲ ಮೇಲೇ ಇಟ್ಟದ್ದು ಸುಮ್ಮನೆಯಲ್ಲ. ಅಂದು ವರ್ಷಕ್ಕೊಮ್ಮೆ ಕಾರು ತನ್ನ ನಿಜರೂಪವನ್ನು ತೋರುತ್ತದೆ, ಸುಮಾರು ಒಂದು ಗಂಟೆಯ ಕಾಲ. ಆಮೇಲೆ ಮೂರು ಬೆರಳಿನ ವಿಭೂತಿ, ಅರಿಶಿನ, ಕುಂಕುಮ, ವೈಪರಿಗೆ ಸೇವಂತಿಗೆ ಹಾರ, ಮುಂದೆ ಒಡೆದ ಬೂದುಗುಂಬಳ, ಚಕ್ರದ ಕೆಳಗೆ ನಿಂಬೆಹಣ್ಣು. ತೊಳೆದದ್ದು ಬಳಿಯುವುದಕ್ಕಾಗಿಯೇ ಎಂಬುದು ಇಲ್ಲಿನ ತತ್ತ್ವ. ಬಿಳಿ ಬಣ್ಣದ ಮೇಲೆ ಹತ್ತಿದ ಅರಿಶಿನ ಸಂಕ್ರಾಂತಿಯವರೆಗೆ ಮುತ್ತೈದೆತನ ಕಾಪಾಡುತ್ತದೆ.

ದ್ರವ್ಯ ವಿಚಾರ

ಮೊದಲನೆಯ ದ್ರವ್ಯ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು, ಅದು ನೀರಿನ ವೇಷದಲ್ಲಿರುವ ಸುಣ್ಣ. ಬಾನೆಟ್ಟಿನ ಮೇಲೆ ಆರಿದರೆ ಸಿಡುಬಿನಂತೆ ಬಿಳಿ ಕಲೆ ಏಳುತ್ತದೆ. ಹುಳಿ ಇದಕ್ಕೆ ಮದ್ದು. ಚಕ್ರಕ್ಕೆ ಬಲಿ ಕೊಡುವ ನಿಂಬೆಯಲ್ಲಿ ಒಂದನ್ನು ಉಳಿಸಿ ನೀರಿಗೆ ಹಿಂಡಿ ಒರೆಸಿ, ತಡಮಾಡದೆ ತೊಳೆದುಬಿಟ್ಟರೆ ಕಲೆ ಹೋಗುತ್ತದೆ. ಪೂಜೆಯಲ್ಲೇ ಪರಿಹಾರವಿತ್ತು, ನಾವು ಅದರ ಮೇಲೆ ಗಾಡಿ ಹತ್ತಿಸುತ್ತಿದ್ದೆವು.

ಈ ನೀರಿನ ಕುಲಗೋತ್ರವೂ ವಿಚಾರಯೋಗ್ಯ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರೆ. ಮೂರನೇ ಹಂತವೂ ಬೇಕೆಂದು ಇಲ್ಲಿನವರು ಕೂಗುತ್ತಲೇ ಇದ್ದಾರೆ. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ, ಅಂತರ್ಜಲ ಏರಿದರೆ ಪಂಪಿಗೆ ನೀರು ಸಿಗುತ್ತದೆ. ಅಂದರೆ ಅಳಿಯಂದಿರು ಅಪಾರ್ಟ್‌ಮೆಂಟಿನಲ್ಲಿ ತಮ್ಮ ಕಾರು ತೊಳೆದ ನೀರಿನಲ್ಲೇ ಮಾವ ತಮ್ಮ ಕಾರು ತೊಳೆಯುತ್ತಾರೆ. ವರದಕ್ಷಿಣೆ ಹಿಂದಿರುಗಿದ ಉದಾಹರಣೆ ಇದೊಂದೇ.

ಎರಡನೆಯದು ನೊರೆ. ಇಲ್ಲಿ ಮೂರು ಪಂಥಗಳು. ಬಟ್ಟೆಸೋಪಿನ ಪುಡಿಯವರು, ಒಂದು ರೂಪಾಯಿ ಶಾಂಪೂ ಪಾಕೀಟಿನವರು, ಮತ್ತು ಚಿಂತಾಮಣಿಗೆ ಹೋಗಿ ವಾಟರ್ ಸರ್ವಿಸ್ ಮಾಡಿಸುವ ಧನಿಕರು. ಬಟ್ಟೆಸೋಪಿನ ಪುಡಿ ಕ್ಷಾರ, ಹಾಕಿದ ಮೇಣವನ್ನೂ ಕೊಳೆಯ ಜೊತೆ ಕಿತ್ತುಕೊಂಡು ಹೋಗುತ್ತದೆ. ಶಾಂಪೂ ಕೂದಲಿಗೆ ಮಾಡಿದ್ದು, ಆದರೆ ಕೂದಲಿಲ್ಲದ ತಲೆಯನ್ನು ಅದು ಹೊಳೆಯುವಂತೆ ಮಾಡುವುದನ್ನು ನಾನು ದಿನವೂ ಕನ್ನಡಿಯಲ್ಲಿ ಕಂಡಿದ್ದೇನೆ.

ಮೂರನೆಯದು ಬಟ್ಟೆ. ಹಳೇ ಪಂಚೆಯಷ್ಟು ಮೆತ್ತಗಿನದು ಲೋಕದಲ್ಲಿಲ್ಲವೆಂದು ನಾನು ನಂಬಿದ್ದೆ. ನೆಲಕ್ಕೆ ಒಮ್ಮೆ ಬಿದ್ದ ಪಂಚೆಯಲ್ಲಿ ಸಿಕ್ಕಿಕೊಂಡ ನಾಲ್ಕು ಮರಳಿನ ಕಣ ಸಾಕು, ಬಿಸಿಲಿಗೆ ಹಿಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸುರುಳಿ ಗೀರು. ಬಣ್ಣವೆಂದರೆ ಎಷ್ಟು ದಪ್ಪವೆಂದುಕೊಂಡಿರಿ? ಕೆಳಗಿನ ಪ್ರೈಮರ್, ನಡುವಿನ ಬಣ್ಣ, ಮೇಲಿನ ಪಾರದರ್ಶಕ ಲೇಪ ಎಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದರಲ್ಲಿ ಹೊಳೆಯುವ ಮೇಲಿನ ಲೇಪ ಅರ್ಧಕ್ಕಿಂತ ಕಡಿಮೆ, 40ರಿಂದ 50 ಮೈಕ್ರಾನ್. ನಾವು ಕಾರು ಎಂದು ಕರೆದು ಸಾಲ ಮಾಡಿ ತಂದು ದೃಷ್ಟಿ ತೆಗೆಯುವುದೆಲ್ಲ ಅಷ್ಟಕ್ಕೇ.

ಇಲ್ಲಿ ವೇದಾಂತ ಪ್ರವೇಶಿಸುತ್ತದೆ. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಎರಡನ್ನೂ ಒಂದೆನ್ನುವವರು ಅವಿದ್ಯಾವಂತರು. ಪಾಲಿಶ್ ನೇತಿವಾದಿ: ಇದಲ್ಲ, ಇದಲ್ಲ ಎನ್ನುತ್ತ ಗೀರಿನ ಆಳದವರೆಗೆ ಲೇಪವನ್ನೇ ಸವೆಸುತ್ತದೆ. ಹತ್ತು ಸಲ ಮಾಡಿದರೆ ಬಣ್ಣವೇ ಮೋಕ್ಷ ಹೊಂದುತ್ತದೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಇರುವ ದೋಷದ ಮೇಲೆ ಆವರಣ ಎಳೆಯುತ್ತದೆ. ಅದು ಮಾಯೆ. ಶಂಕರರ ಕಾಲದಲ್ಲಿ ಕಾರಿದ್ದಿದ್ದರೆ ಹಗ್ಗ, ಹಾವಿನ ದೃಷ್ಟಾಂತ ಬೇಕಾಗುತ್ತಿರಲಿಲ್ಲ.

ಡಬ್ಬಿಯಲ್ಲಿರುವುದು ಕಾರ್ನಾಬಾ ಎಂಬ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆಜಾತಿಯ ಮರ ಅದನ್ನು ಎಲೆಯ ಮೇಲೆ ಸ್ರವಿಸುತ್ತದೆ. ಆ ಭಾಗವೂ ನಮ್ಮ ಹಾಗೆ ಬರದ ಸೀಮೆ. ಇರುವ ಹನಿ ನೀರು ಆವಿಯಾಗಿ ಹೋಗದಿರಲೆಂದು ಮರ ತನ್ನ ಎಲೆಗೆ ತಾನೇ ವ್ಯಾಕ್ಸ್ ಹಾಕಿಕೊಳ್ಳುತ್ತದೆ. ನೀರು ಒಳಗೆ ಉಳಿಯಲೆಂದು ಒಂದು ಬರಗಾಲದ ಮರ ಮಾಡಿಕೊಂಡ ಏರ್ಪಾಟನ್ನು ಕೆರೆದು ತಂದು ಇನ್ನೊಂದು ಬರಗಾಲದ ಊರಿನಲ್ಲಿ ನೀರು ಹೊರಗೆ ಉಳಿಯಲೆಂದು ಹಚ್ಚುತ್ತೇವೆ. ಅದು ಕರಗಲು 82 ಡಿಗ್ರಿಗೂ ಮೇಲೆ ಶಾಖ ಬೇಕು. ಜೇನುಮೇಣಕ್ಕೆ 62ರಿಂದ 64 ಸಾಕು. ಈ ಭೇದವನ್ನು ಅರಿಯದೆ ಹೋದ ವರ್ಷ ನಾನು ಜೇನುಮೇಣ ಸವರಿ ಬಿಸಿಲಿಗೆ ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಬಾನೆಟ್ಟಿನ ಮೇಲೆ ರಾಗಿ ಹೊಟ್ಟು, ಎರಡು ಸಜೀವ ನೊಣ, ಒಂದು ಕೋಳಿಪುಕ್ಕ ಸ್ಥಿರವಾಗಿ ನೆಲೆಗೊಂಡಿದ್ದವು. ನಮ್ಮವಳು ನೋಡಿ, “ಏನ್ರೀ, ಪಾಯಸಕ್ಕೆ ಇನ್ನೇನು ಹಾಕಬೇಕು?” ಎಂದಳು.

ಪ್ರಮಾಣ ವಿಚಾರ

ಈಗ ಸಿದ್ಧಾಂತ. ಕಾರು ತೊಳೆದರೆ ಮಳೆ ಬರುತ್ತದೆ.

ಇದನ್ನು ಲೋಕಾನುಭವವೆಂದು ನಗುತ್ತಾ ಬಿಟ್ಟುಬಿಡುವುದು ನಮ್ಮ ವಿದ್ವಾಂಸರ ಆಲಸ್ಯ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ಹುಡುಗನ ತಲೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಮಣ್ಣಿನ ಮಳೆರಾಯನನ್ನು ಕೂರಿಸಿ ಮನೆಮನೆಗೆ ಕರೆದೊಯ್ಯುತ್ತಾರೆ. ಹೆಂಗಸರು ಬಿಂದಿಗೆ ತಂದು ಅವನ ಮೇಲೆ ನೀರು ಸುರಿಯುತ್ತಾರೆ. ಈ ವಿಧಿಯ ಅಂಗಗಳೇನು? ಕೆಮ್ಮಣ್ಣು ಮೆತ್ತಿಕೊಂಡ ಒಂದು ವಿಗ್ರಹ, ಬೀದಿಯಲ್ಲಿ ಅದರ ಸಂಚಾರ, ಮೇಲಿನಿಂದ ನೀರಿನ ಅಭಿಷೇಕ. ನನ್ನ ಕಾರಿನಲ್ಲಿ ಇದರಲ್ಲಿ ಯಾವುದು ಕಡಿಮೆಯಾಗಿದೆ?

ಅಂಕಿಅಂಶ ಕೇಳುವವರಿಗೆ ಅಂಕಿಅಂಶ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಜನ ಹೆದರಿ ಬಕೆಟ್ ಕೆಳಗಿಟ್ಟರು. ಪರಿಣಾಮ? ಆ ವರ್ಷದ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಮಳೆಯ ಅಳತೆ ಸೊನ್ನೆ. ಏಪ್ರಿಲಿನಲ್ಲಿ ಹಾಗೆ ಸೊನ್ನೆ ಬಂದದ್ದು 41 ವರ್ಷಗಳಲ್ಲಿ ಅದೇ ಮೊದಲು, ಹಿಂದಿನ ಸೊನ್ನೆ 1983ರದು. ಈಗ ಓದುಗರು ಕುರ್ಚಿ ಹಿಡಿದು ಕೂರಬೇಕು. ಮೊದಲ ಮಾರುತಿ 800 ಗಿರಾಕಿಯ ಕೈಗೆ ಬಂದದ್ದು ಯಾವಾಗ? 1983ರ ಡಿಸೆಂಬರ್ 14. ಅಂದರೆ ಮಧ್ಯಮವರ್ಗದ ಕೈಗೆ ತೊಳೆಯಲು ಕಾರು ಬರುವ ಮುನ್ನ ಒಂದು ಸೊನ್ನೆ, ತೊಳೆಯಬೇಡಿ ಎಂದ ಮೇಲೆ ಒಂದು ಸೊನ್ನೆ, ನಡುವಿನ ನಾಲ್ಕು ದಶಕ ಏಪ್ರಿಲಿನಲ್ಲಿ ಒಂದಿಷ್ಟಾದರೂ ಹನಿ. ಮಾರುತಿ ಎಂದರೆ ವಾಯುಪುತ್ರ, ಮೋಡ ತರುವುದು ವಾಯುವಿನ ಮನೆಗೆಲಸ ಎಂಬುದನ್ನು ಬೇರೆ ಹೇಳಬೇಕೆ? ಇಷ್ಟಿದ್ದೂ 2017ರಲ್ಲಿ ಸರ್ಕಾರ ‘ವರ್ಷಧಾರೆ’ ಎಂದು ಹೆಸರಿಟ್ಟು ಮೋಡಬಿತ್ತನೆಗೆ ಜಕ್ಕೂರಿನಿಂದ ವಿಮಾನ ಹಾರಿಸಿತು. ಆ ವಿಮಾನವನ್ನು ನೆಲದ ಮೇಲೇ ನಿಲ್ಲಿಸಿ ಚೆನ್ನಾಗಿ ತೊಳೆದಿದ್ದರೆ ಇಂಧನವಾದರೂ ಉಳಿಯುತ್ತಿತ್ತು.

ಪೂರ್ವಪಕ್ಷ

ಹಾಗಾದರೆ 2023ರಲ್ಲಿ ನಾಡಿನ ತುಂಬ ಆಯುಧಪೂಜೆಗೆ ಕಾರು ತೊಳೆದರೂ 236 ತಾಲೂಕುಗಳಲ್ಲಿ 223 ಬರಪೀಡಿತವಾದದ್ದೇಕೆ? ತೊಳೆದರು, ಮೇಣ ಹಾಕಲಿಲ್ಲ. ಮುಗಿಯಿತು.

ಧ್ವನಿ ವಿಚಾರ

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆಂದು ಕವಿಗಳು ಹೇಳುತ್ತ ಬಂದರು, ಸಮುದ್ರದ ಹತ್ತಿರ ಹೋಗಿ ನೋಡಿದವರು ಕಡಿಮೆ. ಅಕ್ಟೋಬರ್ ಕೊನೆಯಲ್ಲಿ ಮೇಣ ಹಚ್ಚಿದ ಬಾನೆಟ್ಟಿನ ಮೇಲೆ ಸ್ವಾತಿಯ ಹನಿ ಬಿದ್ದುದನ್ನು ನಾನು ಕಣ್ಣಾರೆ ಕಂಡೆ. ಮೇಣದ ಮೇಲೆ ನೀರು ಹರಡಿಕೊಳ್ಳಲಾರದೆ ತನ್ನನ್ನು ತಾನೇ ತಬ್ಬಿಕೊಂಡು ದುಂಡಗಾಗುತ್ತದೆ. ಒಂದೊಂದೂ ಮುತ್ತೇ. ಗಾಡಿ ಸ್ಟಾರ್ಟ್ ಮಾಡಿದರೆ ಸಾಲಾಗಿ ನಡುಗಿ, ಒಂದನ್ನೊಂದು ನುಂಗಿ, ಮಡ್‌ಗಾರ್ಡಿನ ಅಂಚಿನಿಂದ ಉದುರುತ್ತವೆ. ಅರ್ಧ ಗಂಟೆ ಕೊಡೆ ಹಿಡಿದು ನಿಂತಿದ್ದೆ. ಈ ಒಂದು ಪ್ಯಾರಾದಲ್ಲಿ ತಮಾಷೆಯಿಲ್ಲ.

ಲೋಕ ವಿಚಾರ

ಸಿದ್ಧಾಂತ ಊರಿಗೆಲ್ಲ ಗೊತ್ತಾದದ್ದೇ ನನ್ನ ಸಂಶೋಧನೆಗೆ ಮುಳುವಾಯಿತು. ಈ ನವೆಂಬರಿನಲ್ಲಿ ಬಕೆಟ್ ಎತ್ತಿಕೊಂಡು ಹೊರಗೆ ಬಂದರೆ ಪಂಚರ್ ಅಂಗಡಿಯವನು ಎದ್ದು ನಿಂತ. ಅವನಿಗೂ ಎರಡು ಎಕರೆ ಹೊಲವಿದೆ. “ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ರಾಗಿ ಕುಯ್ದು ಹೊಲದಾಗೇ ಹಾಕಿದೀವಿ. ಮೆದೆ ಒಟ್ಟೋಗಂಟ ಗಾಡಿ ಮುಟ್ಟಬ್ಯಾಡಿ” ಎಂದ. ಕೊಯ್ದ ರಾಗಿ ನೆನೆದರೆ ತೆನೆಯಲ್ಲೇ ಮೊಳಕೆ, ಹುಲ್ಲೂ ಕಪ್ಪು. ಬಕೆಟ್ ಇಳಿಸಿದೆ.

ನೀರಿಲ್ಲದಿದ್ದರೆ ಬೇಡ, ಇದ್ದ ಹಾಗೆಯೇ ಒಂದು ಬಾಗಿಲಿಗಾದರೂ ಮೇಣ ಹಚ್ಚಿ ನೋಡೋಣವೆಂದು ಡಬ್ಬಿ ತೆರೆದೆ. ಪಕ್ಕದ ಮನೆಯ ಹೆಣ್ಣುಮಗಳು ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದಿಗೆ ಓಡಿ ಬಂದಳು. “ಅಣ್ಣಾ, ಹುಳ ನಾಕನೇ ಜ್ವರ ಎದ್ದು ಸೊಪ್ಪು ತಿಂತಾ ಐತೆ. ಆ ವಾಸನೆ ಡಬ್ಬಿ ಮುಚ್ಚಣ್ಣಾ.” ಜ್ವರವೆಂದರೆ ಹುಳ ಪೊರೆ ಬಿಡುವ ಹಂತ. ರೇಷ್ಮೆಹುಳಕ್ಕೆ ಬೀಡಿ ಹೊಗೆಯೂ ಆಗದು, ಔಷಧಿಯ ವಾಸನೆಯೂ ಆಗದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಒಂದು ಬೆಳೆ ನನ್ನ ಹೊಳಪಿಗಾಗಿ ಹಾಳಾಗುವುದು ಬೇಡ. ಡಬ್ಬಿ ಮುಚ್ಚಿದೆ.

ರಾಗಿ ಮುಗಿಯುವ ಹೊತ್ತಿಗೆ ಅವರೆ ಹೂ ಬಿಟ್ಟಿರುತ್ತದೆ, ಅದಕ್ಕೆ ಇಬ್ಬನಿ ಬೇಕು, ಮಳೆ ಬೇಡ. ಅವರೆ ಮುಗಿದರೆ ಮಾವು ಹೂ ಬಿಡುತ್ತದೆ, ಅದಕ್ಕಂತೂ ಮಳೆ ಬೇಡವೇ ಬೇಡ. ಪಂಚಾಂಗ ಹಾಕಿ ನೋಡಿದ್ದೇನೆ. ಕೆಂಚಾರ್ಲಹಳ್ಳಿಯಲ್ಲಿ ಯಾರಿಗೂ ತೊಂದರೆಯಾಗದಂತೆ ಕಾರು ತೊಳೆಯಬಹುದಾದ ದಿನ ಏಪ್ರಿಲಿನವರೆಗೆ ಇಲ್ಲ.

ಆದ್ದರಿಂದ, ತಕ್ಷಣ ಮಳೆ ಬೇಕಾದ ಬೇರೆ ಊರಿನವರು ಯಾರಾದರೂ ಇದ್ದರೆ ದಯಮಾಡಿ ತಿಳಿಸಬೇಕು. ಕಾರನ್ನು ಅಲ್ಲಿಗೇ ತರುತ್ತೇನೆ, ಕೆಂಪಾಗಿ ಸಿದ್ಧವಾಗಿದೆ. ಡಬ್ಬಿಯಲ್ಲಿ ಮುಕ್ಕಾಲು ಪಾಲು ಮೇಣ ಹಾಗೇ ಇದೆ. ನೀರು ಮಾತ್ರ ನಿಮ್ಮದು.