ಪ್ರೊವೈಡ್–ಇಂಜೆಕ್ಟ್ ಬಳಕೆದಾರರ ಕೈಪಿಡಿ

ವ್ಯೂ 3 ಮತ್ತು ಟೈಪ್‌ಸ್ಕ್ರಿಪ್ಟ್ ಜೋಡಿಯನ್ನು ಆರಿಸಿಕೊಂಡದ್ದಕ್ಕೆ ಅಭಿನಂದನೆಗಳು. ಪೆಟ್ಟಿಗೆಯಲ್ಲಿ ಎರಡು ಭಾಗಗಳಿವೆ. ಮೇಲಿನ ಕಾಂಪೊನೆಂಟ್ ಪ್ರೊವೈಡ್ ಮಾಡುತ್ತದೆ. ಕೆಳಗೆ ಎಷ್ಟೇ ಆಳದಲ್ಲಿರುವುದು ಇಂಜೆಕ್ಟ್ ಮಾಡಿಕೊಳ್ಳುತ್ತದೆ. ನಡುವಿನ ಕಾಂಪೊನೆಂಟ್‌ಗಳು ತಮಗೆ ಬೇಡದ ಪ್ರಾಪ್ಸ್ ಹೊತ್ತು ಕೆಳಕ್ಕೆ ದಾಟಿಸುವ ಕೂಲಿ ಇಲ್ಲಿಗೆ ಮುಗಿಯಿತು. ಟೈಪ್ ಸುರಕ್ಷತೆ ಮಾತ್ರ ತಾನಾಗಿ ಬರುವುದಿಲ್ಲ, ನೀವೇ ಜೋಡಿಸಿಕೊಳ್ಳಬೇಕು.

ಜೋಡಣೆ: ಮೊದಲು ಕೀಲಿ ಆರಿಸಿ. ಆತುರದವರು 'ಯೂಸರ್' ಎಂಬ ಸ್ಟ್ರಿಂಗನ್ನೇ ಕೀಲಿ ಮಾಡುತ್ತಾರೆ. ಕೆಲಸ ನಡೆಯುತ್ತದೆ, ಪಕ್ಕದ ತಂಡದವರು ಅದೇ ಹೆಸರಿನಲ್ಲಿ ನಡುವೆ ಇನ್ನೊಂದು ಪ್ರೊವೈಡ್ ಕೂರಿಸುವ ತನಕ. ಹತ್ತಿರದವರು ಕೊಟ್ಟದ್ದೇ ಕೈಗೆ ಸಿಗುವುದು; ಯಾರ ಯೂಸರ್ ಎಂದು ಇಂಜೆಕ್ಟ್ ಕೇಳುವುದಿಲ್ಲ. ಸ್ಟ್ರಿಂಗ್ ಕೀಲಿಯಿಂದ ಬಂದ ಮಾಲು ಟೈಪ್‌ಸ್ಕ್ರಿಪ್ಟ್ ಕಣ್ಣಿಗೆ ಬರೀ 'ಅನ್‌ನೋನ್'. ಇಂಜೆಕ್ಟ್ ಪಕ್ಕದಲ್ಲಿ ಟೈಪ್ ಹೆಸರು ಬರೆದು ಅದರ ಬಾಯಿ ಮುಚ್ಚಿಸಬಹುದು. ಆದರೆ ಅದು ತಪಾಸಣೆಯಲ್ಲ; ಜೆರಾಕ್ಸ್ ಪ್ರತಿಗೆ 'ಸ್ವಯಂ ದೃಢೀಕೃತ' ಎಂದು ನೀವೇ ಸಹಿ ಹಾಕಿಕೊಂಡಂತೆ.

ತಾಳ್ಮೆಯುಳ್ಳವರು ಒಂದು ಸಿಂಬಲ್ ಮಾಡಿ, ಅದಕ್ಕೆ ಇಂಜೆಕ್ಷನ್‌ಕೀ ಎಂಬ ಟೈಪ್ ತೊಡಿಸಿ. ಇನ್ನು ಕೊಡುವವರೂ ಪಡೆಯುವವರೂ ಒಂದೇ ಕರಾರಿಗೆ ಬದ್ಧರು. ಬಳಕೆದಾರರ ವಿವರ ಕೊಡಬೇಕಾದಲ್ಲಿ ಬರೀ ಸಂಖ್ಯೆ ಕೊಟ್ಟರೆ ಎಡಿಟರ್‌ನಲ್ಲೇ ಕೆಂಪು ಗೆರೆ.

ಎಚ್ಚರಿಕೆ: ಕೀಲಿ ಒಂದೇ ಫೈಲಿನಲ್ಲಿರಲಿ, ಎರಡೂ ಕಡೆಯವರು ಅಲ್ಲಿಂದಲೇ ಇಂಪೋರ್ಟ್ ಮಾಡಿಕೊಳ್ಳಲಿ. ಎರಡು ಫೈಲುಗಳಲ್ಲಿ ಬೇರೆ ಬೇರೆಯಾಗಿ ಸಿಂಬಲ್ ಮಾಡಿದರೆ ಹೆಸರು ಒಂದೇ ಇದ್ದರೂ ಕೀಲಿ ಎರಡು. ಜಾವಾಸ್ಕ್ರಿಪ್ಟ್‌ಗೆ 2015ರಲ್ಲಿ ಸಿಂಬಲ್ ಬಂದದ್ದೇ ಒಂದರಂತೆ ಇನ್ನೊಂದಿರಬಾರದು ಎಂದು. ಕೀಲಿ ಎರಡಾದರೆ ಮೇಲೆ ಕೊಟ್ಟಿದ್ದೀರಿ, ಕೆಳಗೆ ಕೇಳಿದ್ದೀರಿ, ಟೈಪ್‌ಸ್ಕ್ರಿಪ್ಟ್ ತಲೆದೂಗಿದೆ, ಪರದೆ ಖಾಲಿ. ಈ ಹುಡುಕಾಟ ಶುಕ್ರವಾರ ಸಂಜೆಯೇ ಯಾಕೆ ಬರುತ್ತದೋ!

ಹಳೆಯ ಆಂಗ್ಯುಲರ್‌ಜೆಎಸ್ ಇಟ್ಟುಕೊಂಡವರು ನಗಬೇಡಿ. ಅದು ಫಂಕ್ಷನ್‌ನ ಪ್ಯಾರಾಮೀಟರ್ ಹೆಸರು ಓದಿ ಬೇಕಾದ್ದನ್ನು ತಂದುಕೊಡುತ್ತಿತ್ತು. ಕೋಡ್ ಮಿನಿಫೈ ಆಗಿ ಹೆಸರುಗಳು 'ಎ', 'ಬಿ' ಎಂದಾದ ಕೂಡಲೇ ಯಾರನ್ನು ಕರೆಯಬೇಕೆಂದೇ ತಿಳಿಯದೆ ನಿಂತುಬಿಡುತ್ತಿತ್ತು.

ಇಷ್ಟೆಲ್ಲ ಜೋಡಿಸಿದರೂ ಇಂಜೆಕ್ಟ್ ಕೊಡುವುದು 'ಯೂಸರ್ ಅಥವಾ ಅನ್‌ಡಿಫೈನ್ಡ್'. ಕಂಪನಿ ಮೋಸವೇನಲ್ಲ. ಟೈಪ್‌ಸ್ಕ್ರಿಪ್ಟ್ ಓದುವುದು ಫೈಲುಗಳನ್ನು. ಕಾಂಪೊನೆಂಟ್‌ಗಳ ಮರ ಎದ್ದು ನಿಲ್ಲುವುದು ಬ್ರೌಸರ್‌ನಲ್ಲಿ, ಅಷ್ಟು ಹೊತ್ತಿಗೆ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ. ನಿಮ್ಮ ಕಾಂಪೊನೆಂಟನ್ನು ಯಾರೋ ಪ್ರೊವೈಡ್ ಇಲ್ಲದ ಪುಟಕ್ಕೆ ಒಯ್ದು ಕೂರಿಸಿದರೆ, ಟೆಸ್ಟ್‌ನಲ್ಲಿ ಒಂಟಿಯಾಗಿ ಮೌಂಟ್ ಮಾಡಿದರೆ, ಕೀಲಿ ಎಷ್ಟೇ ಚೊಕ್ಕವಾಗಿದ್ದರೂ ಕೈಗೆ ಏನೂ ಬರುವುದಿಲ್ಲ. ವಾಡಿಕೆಯಂತೆ ಇಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟೈಪ್‌ಸ್ಕ್ರಿಪ್ಟನ್ನು ಸುಮ್ಮನಾಗಿಸುತ್ತಾರೆ. ಆಮೇಲೆ ಆಶ್ಚರ್ಯಪಡುವ ಸರದಿ ಗ್ರಾಹಕರದು. ಸುಳ್ಳು ಡೀಫಾಲ್ಟ್ ಕೊಡುವುದು ಇನ್ನೂ ಕೆಟ್ಟದ್ದು: 'ಅತಿಥಿ' ಎಂಬ ಯೂಸರ್ ತಿಂಗಳುಗಟ್ಟಲೆ ಓಡಾಡಿಕೊಂಡಿರುತ್ತಾನೆ, ಯಾರಿಗೂ ಅನುಮಾನ ಬರುವುದಿಲ್ಲ. ಬದಲಿಗೆ 'ಯೂಸ್‌ಯೂಸರ್' ಎಂಬ ಪುಟ್ಟ ಫಂಕ್ಷನ್ ಬರೆಯಿರಿ. ಒಳಗೆ ಇಂಜೆಕ್ಟ್ ಕರೆಯಿರಿ. ಸಿಗದಿದ್ದರೆ ಯಾವ ಪ್ರೊವೈಡ್ ಇಲ್ಲವೆಂದು ಹೆಸರು ಹಿಡಿದು ಎರರ್ ಎಸೆಯಿರಿ. ಅದನ್ನು ದಾಟಿ ಬಂದ ಮಾಲಿನಲ್ಲಿ ಅನ್‌ಡಿಫೈನ್ಡ್ ಉಳಿದಿರುವುದಿಲ್ಲ, ಟೈಪ್‌ಸ್ಕ್ರಿಪ್ಟೂ ಒಪ್ಪುತ್ತದೆ.

ದೋಷ ನಿವಾರಣೆ: ಎಡಿಟರ್ ತುಂಬ ಕೆಂಪು ಗೆರೆಗಳಿದ್ದರೂ ಬಿಲ್ಡ್ ಸಲೀಸಾಗಿ ಮುಗಿದರೆ ಗಾಬರಿ ಬೇಡ. ಬಿಲ್ಡ್ ಮಾಡುವ ವೀಟ್ ಟೈಪ್‌ಗಳನ್ನು ಕಿತ್ತೆಸೆಯುತ್ತದೆ, ಪರೀಕ್ಷಿಸುವುದಿಲ್ಲ. ಪರೀಕ್ಷೆಗೆ ವ್ಯೂ-ಟಿಎಸ್‌ಸಿಯನ್ನು ಬೇರೆಯಾಗಿ ಓಡಿಸಿ. 'ಆ್ಯಸ್ ಎನಿ' ಕಂಡುಬಂದ ಫೈಲುಗಳನ್ನು ವಾರಂಟಿಯಲ್ಲಿ ರಿಪೇರಿಗೆ ತೆಗೆದುಕೊಳ್ಳುವುದಿಲ್ಲ.