ಮೇಷ್ಟ್ರ ವಾನ್ನ ಸಂಧಿ

ನಿವೃತ್ತ ಇಂಗ್ಲಿಷ್ ಮೇಷ್ಟ್ರನ್ನು ಗುರುತಿಸುವುದು ಸುಲಭ. ಮದುವೆ ಕರೆಯೋಲೆ ಕೈಗೆ ಬಂದರೆ ಅವರು ಮೊದಲು ನೋಡುವುದು ಮುಹೂರ್ತವನ್ನಲ್ಲ, ‘ದಿ’ ಎಲ್ಲಿ ಬಿಟ್ಟುಹೋಗಿದೆ ಎಂಬುದನ್ನು. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಅವರ ಮನೆಯಲ್ಲಿ ದೇವರ ಗೂಡಿನ ಪಕ್ಕದ ಕಪಾಟಿನಲ್ಲೇ ಇರುತ್ತದೆ. ಆ ಇಬ್ಬರಲ್ಲಿ ಮೊದಲನೆಯ ಪಿ. ಸಿ. ರೆನ್ ಬಾಂಬೆ ಪ್ರೆಸಿಡೆನ್ಸಿಯ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವರು ಎಂದು ಯಾರಾದರೂ ಹೇಳಿದರೆ ಮೇಷ್ಟ್ರ ಮುಖ ಸಣ್ಣಗಾಗುತ್ತದೆ. ಗ್ರಾಮರ್ ಬರೆದ ಕೈ ಕಥೆ ಬರೆಯುವುದೆ?

ಅವರ ಬಾಯಲ್ಲಿ ಪ್ರತಿ ಪದಕ್ಕೂ ಪೂರ್ತಿ ಮರ್ಯಾದೆ. ‘ಐ ಆಮ್ ಗೋಯಿಂಗ್ ಟು ಟೇಕ್ ಮೈ ಬಾತ್’ ಎಂದು ಹೇಳಿ ಮುಗಿಸುವಷ್ಟರಲ್ಲಿ ಬೇರೆಯವರು ಸ್ನಾನ ಮುಗಿಸಿ ಬಂದಿರುತ್ತಾರೆ. ಉತ್ತರಪತ್ರಿಕೆಯಲ್ಲಿ ಹುಡುಗರು ‘ಡೋಂಟ್’ ಎಂದು ಬರೆದರೆ ಅರ್ಧ ಮಾರ್ಕು ಹೋಯಿತೆಂದೇ ಅರ್ಥ.

ಇಂಥವರನ್ನು ಮಗ ಅಮೆರಿಕಕ್ಕೆ ಕರೆಸಿಕೊಳ್ಳುತ್ತಾನೆ. ವಿಸಿಟರ್ ವೀಸಾ, ಆರು ತಿಂಗಳ ವಾಸ, ಸೂಟ್‌ಕೇಸಿನ ತುಂಬ ಹೆಂಡತಿಯ ಚಟ್ನಿಪುಡಿ, ಸಾರಿನಪುಡಿ. ‘ನಿಮಗೇನ್ರೀ ಯೋಚನೆ, ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿದೋರು’ ಎಂದು ನೆಂಟರು ಬೀಳ್ಕೊಟ್ಟಿರುತ್ತಾರೆ. ಆ ಧೈರ್ಯ ಸನ್ನಿವೇಲ್‌ನ ಕಾಫಿ ಅಂಗಡಿಯವರೆಗೆ ಬರುತ್ತದೆ.

ಕೌಂಟರಿನ ಹುಡುಗ ‘ಫರಿಯರಟಗೋ?’ ಅನ್ನುತ್ತಾನೆ. ಮೇಷ್ಟ್ರಿಗೆ ಕೇಳಿಸಿದ್ದು ಕೊನೆಯ ‘ಗೋ’ ಒಂದೇ. ವೀಸಾ ವಿಚಾರಣೆಯೇ ಇರಬೇಕೆಂದು ನೆಟ್ಟಗೆ ನಿಂತು, ‘ಅವರ್ ರಿಟರ್ನ್ ಟಿಕೆಟ್ ಈಸ್ ಆನ್ ದಿ ಟ್ವೆಂಟಿಯೆತ್ ಆಫ್ ಅಕ್ಟೋಬರ್’ ಎಂದು ಹೇಳಿಕೆ ಕೊಡುತ್ತಾರೆ. ಹುಡುಗ ಕೇಳಿದ್ದು ‘ಫಾರ್ ಹಿಯರ್ ಆರ್ ಟು ಗೋ’. ಅಂದರೆ ಇಲ್ಲೇ ಕುಡೀತೀರೋ, ಪಾರ್ಸಲ್ಲೋ. ಮನೆಗೆ ಬಂದರೆ ಮೊಮ್ಮಗ ‘ತಾತ, ಜೀಟ್?’ ಅನ್ನುತ್ತಾನೆ. ‘ಡಿಡ್ ಯು ಈಟ್’ ಎಂಬ ಮೂರು ಪದಗಳ ವಾಕ್ಯ ಅಲ್ಲಿ ಹೀಗೆ ಒಂದೇ ಉಸಿರಿಗೆ ಮುಗಿಯುತ್ತದೆ.

‘ಇದು ಸೋಮಾರಿತನ’ ಎಂಬುದು ಮೇಷ್ಟ್ರ ಮೊದಲ ತೀರ್ಪು. ಈ ತೀರ್ಪಿಗೆ ದೊಡ್ಡವರ ಬೆಂಬಲವೂ ಇದೆ. ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇದೇ ದೂರು ಬರೆದಿದ್ದ: ಜನ ಪದಗಳ ತಲೆ ಉಳಿಸಿ ಬಾಲ ಕತ್ತರಿಸುತ್ತಿದ್ದಾರೆ, ‘ಮೊಬೈಲ್ ವಲ್ಗಸ್’ ಎಂಬ ಲ್ಯಾಟಿನ್ ಮಾತನ್ನು ‘ಮಾಬ್’ ಮಾಡಿದ್ದಾರೆ, ‘ಪಾಸಿಟಿವ್’ ಅನ್ನು ‘ಪಾಝ್’ ಮಾಡಿದ್ದಾರೆ ಎಂದು. ‘ಪಾಝ್’ ಸತ್ತುಹೋಯಿತು, ‘ಮಾಬ್’ ಮಾತ್ರ ಇವತ್ತು ಮೇಷ್ಟ್ರು ಓದುವ ಪೇಪರಿನ ತಲೆಬರಹದಲ್ಲೇ ಕೂತಿದೆ. ಅವರು ದಿನಾ ಅನ್ನುವ ‘ಗುಡ್ ಬೈ’ ಕೂಡ ‘ಗಾಡ್ ಬಿ ವಿತ್ ಯೀ’ ಎಂಬುದು ಸವೆದು ಉಳಿದದ್ದು. ಇದನ್ನೆಲ್ಲ ಸೊಸೆ ಫೋನಿನಲ್ಲಿ ತೆಗೆದು ತೋರಿಸಿದಾಗ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾರೆ, ಒಪ್ಪಿಕೊಳ್ಳುವುದಿಲ್ಲ.

ಅವರನ್ನು ನಿಜವಾಗಿ ಅಲ್ಲಾಡಿಸುವುದು ‘ಕ್ಯಾನ್’. ಪಕ್ಕದ ಮನೆಯಾಕೆ ಶನಿವಾರ ಊಟಕ್ಕೆ ಕರೆಯುತ್ತಾಳೆ. ಮೇಷ್ಟ್ರು ಸಂತೋಷದಿಂದ, ‘ಐ ಕ್ಯಾನ್ ಕಮ್’ ಎಂದು ‘ಕ್ಯಾನ್’ ಮೇಲೆ ಭಾರ ಹಾಕಿ ಹೇಳುತ್ತಾರೆ. ಆಕೆ ಮುಖ ಬಾಡಿಸಿಕೊಂಡು, ‘ಓ, ದಟ್ಸ್ ಟೂ ಬ್ಯಾಡ್’ ಎಂದು ಹೊರಟುಹೋಗುತ್ತಾಳೆ. ‘ನಾನು ಬರ್ತೀನಿ ಅಂದ್ರೆ ಟೂ ಬ್ಯಾಡ್ ಅಂತಾಳಲ್ಲೋ!’ ಎಂದು ಮೇಷ್ಟ್ರು ರಾತ್ರಿಯಿಡೀ ಕುದಿಯುತ್ತಾರೆ. ಮಗ ವಿವರಿಸಬೇಕಾಗುತ್ತದೆ: ‘ಅಪ್ಪ, ಇಲ್ಲಿ ಬರ್ತೀನಿ ಅನ್ನೋವಾಗ ಕ್ಯಾನ್ ಅನ್ನೋದು ಬರೀ ಕನ್ ಆಗಿ ನುಂಗಿ ಹೋಗುತ್ತೆ. ಬರಲ್ಲ ಅನ್ನೋವಾಗ ಕ್ಯಾಂಟ್‌ನ ಸ್ವರ ಪೂರ್ತಿ ಇರುತ್ತೆ, ಕೊನೇ ಟಕಾರ ಗಂಟಲಲ್ಲೇ ಉಳಿದುಹೋಗುತ್ತೆ. ನೀವು ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೇ ಆಕೆ ಬರಲ್ಲ ಅಂದ್ಕೊಂಡ್ಲು.’

ಸ್ಪಷ್ಟವಾಗಿ ಹೇಳಿದ್ದೇ ತಪ್ಪು! ಮೂವತ್ತು ವರ್ಷ ‘ಸ್ಪಷ್ಟವಾಗಿ ಹೇಳೋ’ ಎಂದು ಹುಡುಗರ ಕಿವಿ ಹಿಂಡಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಡ. ಆದರೆ ಮೇಷ್ಟ್ರು ಹಠವಾದಿ, ಮೇಲಾಗಿ ವ್ಯಾಕರಣಪ್ರಿಯರು. ನುಂಗುವುದಕ್ಕೂ ನಿಯಮ ಇದೆ ಎಂದು ತಿಳಿದ ಗಳಿಗೆಯಿಂದ ಅವರಿಗೆ ಅದು ಸೋಮಾರಿತನವಲ್ಲ, ಶಾಸ್ತ್ರ. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು; ಯಾವ ಅಕ್ಷರವೂ ತನ್ನ ಪಾಲು ಬಿಟ್ಟುಕೊಡುವುದಿಲ್ಲ. ಇಂಗ್ಲಿಷ್‌ನಲ್ಲಿ ಅರ್ಥ ಹೊರುವ ಪದಕ್ಕೆ ಒತ್ತು. ಟು, ಆಫ್, ಹಿಮ್, ಅಂಡ್ ಮೊದಲಾದ ಚಿಲ್ಲರೆ ಪದಗಳು ಎರಡು ಒತ್ತುಗಳ ನಡುವೆ ಮುದುಡಿಕೊಳ್ಳಲೇಬೇಕು. ಹೀಗಾಗಿಯೇ ‘ಟೆಲ್ ಹಿಮ್’ ಎಂಬುದು ‘ಟೆಲಿಮ್’.

ಮಗಳು ಓದುವಾಗ ಕೊಂಡಿದ್ದ ಕೇಶಿರಾಜನ ‘ಶಬ್ದಮಣಿದರ್ಪಣ’ದ ನೆನಪು ಅವರಿಗೆ ಬರುವುದು ಇಲ್ಲೇ. ಹದಿಮೂರನೆಯ ಶತಮಾನದ ಆ ಪುಸ್ತಕ ಶುರುವಾಗುವುದೇ ಸಂಧಿಪ್ರಕರಣದಿಂದ. ಮೇಷ್ಟ್ರು ಮೊಮ್ಮಗನ ಹಳೆಯ ನೋಟ್‌ಬುಕ್ ಇಸಿದುಕೊಂಡು ಬರೆಯತೊಡಗುತ್ತಾರೆ. ‘ಊರು, ಅಲ್ಲಿ’ ಸೇರಿ ‘ಊರಲ್ಲಿ’: ಉಕಾರ ಲೋಪ. ‘ವಾಂಟ್, ಟು’ ಸೇರಿ ‘ವಾನ್ನ’: ಟಕಾರ ಲೋಪ. ‘ಮಳೆ, ಕಾಲ’ ಸೇರಿ ‘ಮಳೆಗಾಲ’ ಆಗುವುದು ಆದೇಶವಾದರೆ, ‘ಗೆಟ್, ಇಟ್’ ಸೇರಿ ‘ಗೆಡಿಟ್’ ಆಗುವುದೂ ಆದೇಶವೇ. ‘ಡಿಡ್ ಯು’ ಎಂಬಲ್ಲಿ ಡಕಾರ ಯಕಾರ ಕೂಡಿ ಜಕಾರ ಬರುವುದೂ ಅದೇ. ಆಗಮ ಸಂಧಿಗೆ ಮಾತ್ರ ಅವರು ಇಂಗ್ಲೆಂಡಿಗೇ ಹೋಗಬೇಕಾಯಿತು. ಅಲ್ಲಿನ ಬಹಳ ಜನ ‘ಲಾ ಅಂಡ್ ಆರ್ಡರ್’ ಎನ್ನುವಾಗ ನಡುವೆ ಇಲ್ಲದ ಒಂದು ರಕಾರ ಸೇರಿಸಿ ‘ಲಾರ್ ಅಂಡ್ ಆರ್ಡರ್’ ಮಾಡುತ್ತಾರೆ. ನಮ್ಮ ‘ಮನೆಯನ್ನು’ ಎಂಬಲ್ಲಿ ಯಕಾರ ಬಂದ ಹಾಗೆ. ಮೂರೂ ಸಂಧಿ ಸಿಕ್ಕಿದ ದಿನ ಮೇಷ್ಟ್ರು ಎರಡು ಲೋಟ ಕಾಫಿ ಹೆಚ್ಚು ಕುಡಿಯುತ್ತಾರೆ.

ಸಂಧಿ ಎಲ್ಲಿ ಆಗಕೂಡದು ಎಂಬುದು ಅದಕ್ಕಿಂತ ರುಚಿ. ‘ಯಾರನ್ನು ಸೋಲಿಸಬೇಕು ಅಂತಿದೀಯ’ ಎಂದು ಕೇಳಲು ‘ಹೂ ಡು ಯು ವಾನ್ನ ಬೀಟ್’ ಎನ್ನಬಹುದು. ‘ಯಾರು ಗೆಲ್ಲಲಿ ಅಂತಿದೀಯ’ ಎಂದು ಕೇಳುವಾಗ ‘ಹೂ ಡು ಯು ವಾನ್ನ ವಿನ್’ ಎಂದರೆ ಬಹಳಷ್ಟು ಅಮೆರಿಕನ್ನರ ಕಿವಿಗೆ ಒಗ್ಗುವುದಿಲ್ಲ. ಅಲ್ಲಿ ‘ವಾಂಟ್ ಟು’ ಬಿಡಿಬಿಡಿಯಾಗಿಯೇ ಬೇಕು. ಗೆಲ್ಲಬೇಕಾದ ಆ ‘ಯಾರು’ ಎಂಬ ಪದ ಮೂಲತಃ ಆ ಎರಡರ ನಡುವೆ ಕೂತಿತ್ತು, ಎದ್ದು ವಾಕ್ಯದ ಮುಂದಕ್ಕೆ ಹೋಗಿದೆ. ಬಸ್ ಸೀಟಿನ ಮೇಲೆ ಟವೆಲ್ ಹಾಕಿ ಇಳಿದು ಹೋದ ಹಾಗೆ; ಆಸಾಮಿ ಇಲ್ಲ, ಆದರೂ ಪಕ್ಕದವರು ಸರಿದು ಕೂರುವಂತಿಲ್ಲ. ಭಾಷಾವಿಜ್ಞಾನಿಗಳು 1970ರ ದಶಕದಿಂದಲೂ ಈ ಟವೆಲ್ಲಿನ ಬಗ್ಗೆ ವಾದ ಮಾಡುತ್ತಲೇ ಇದ್ದಾರೆ. ಹತ್ತು ವರ್ಷದ ಮೊಮ್ಮಗ ಮಾತ್ರ ಯಾವ ವಾದವೂ ಇಲ್ಲದೆ ಸರಿಯಾಗಿ ಹೇಳುತ್ತಾನೆ.

ಇಷ್ಟೆಲ್ಲ ಕೇಳಿಸಿಕೊಂಡ ಮನೆಯಾಕೆ ಅಡುಗೆಮನೆಯಿಂದಲೇ, ‘ನಿಮ್ ಕನ್ನಡ್ಕ ತಾನೆ? ಹುಡ್ಕೊಂಬರ್ತೀನ್ತಾಳಿ’ ಅನ್ನುತ್ತಾರೆ. ‘ಹುಡುಕಿಕೊಂಡು ಬರುತ್ತೇನೆ, ತಾಳಿ’ ಎಂಬುದನ್ನು ಒಂದೇ ಗುಟುಕಿಗೆ ನುಂಗಿದ ಈ ವಾಕ್ಯಕ್ಕೆ ಮೇಷ್ಟ್ರ ಬಳಿ ಉತ್ತರವಿಲ್ಲ. ನಲವತ್ತು ವರ್ಷ ಜೊತೆಗಿದ್ದೂ ಕಿವಿಗೆ ಬೀಳದ ಕನ್ನಡ ಅದು.

ಊರಿಗೆ ಮರಳಿದ ಮೇಲೆ ಮೇಷ್ಟ್ರು ಬದಲಾಗಿರುತ್ತಾರೆ ಎಂದುಕೊಂಡರೆ ತಪ್ಪು. ತಿದ್ದುವ ಚಟ ಹಾಗೇ ಇರುತ್ತದೆ, ತಪ್ಪುಗಳ ಪಟ್ಟಿ ಮಾತ್ರ ಹೊಸದು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುವ ಎದುರುಮನೆಯ ಹುಡುಗ ಉತ್ಸಾಹದಲ್ಲಿ ‘ಐಯಾಮ್ ಗನ್ನ ಮೈಸೂರು, ಅಂಕಲ್’ ಎಂದರೆ ಹಿಡಿದು ನಿಲ್ಲಿಸುತ್ತಾರೆ: ‘ಗೋಯಿಂಗ್ ಟು ಅನ್ನೋದು ಗನ್ನ ಆದ್ರೆ ಅದರ ಮುಂದೆ ಊರು ಬರಲ್ಲಪ್ಪ, ಕ್ರಿಯಾಪದ ಬರಬೇಕು. ಗನ್ನ ಗೋ ಟು ಮೈಸೂರು ಅನ್ನು.’ ‘ಹೀ ವಾನ್ನ ಗೋ’ ಎಂದರೂ ಬಿಡುವುದಿಲ್ಲ. ‘ವಾಂಟ್ಸ್‌’ನ ಸಕಾರ ಅಡ್ಡ ಇರುವಲ್ಲಿ ಸಂಧಿ ಇಲ್ಲ. ಹುಡುಗನ ಮೈಸೂರು ಬಸ್ ಹೊರಟುಹೋಗಿರುತ್ತದೆ.

ಇಂಥವರು ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕಿ ‘ಈಸ್ ಯುವರ್ ಫಾದರ್ ಅಟ್ ಹೋಮ್?’ ಎಂದು ಕೇಳಿದರೆ, ದಯವಿಟ್ಟು ‘ಯೆಸ್, ಹೀಸ್’ ಎನ್ನಬೇಡಿ. ವಾಕ್ಯದ ಕೊನೆಯಲ್ಲಿ ಅದನ್ನು ಮೊಟಕು ಮಾಡುವಂತಿಲ್ಲ, ‘ಹೀ ಈಸ್’ ಎಂದು ಬಿಡಿಸಿಯೇ ಹೇಳಬೇಕು. ಏಕೆ ಎಂದು ಮಾತ್ರ ಅವರನ್ನು ಕೇಳಲು ಹೋಗಬೇಡಿ. ಆ ನೋಟ್‌ಬುಕ್ ಅವರ ಜೇಬಿನಲ್ಲೇ ಇರುತ್ತದೆ.